ಟ್ರೋಲ್, ಯೋತುನ್, ದೈತ್ಯ: ಎತ್ತರ ಆಮೇಲೆ ಬಂತು

ಫ್ಯಾಂಟಸಿ ಕಥೆಗಳನ್ನು ಕನ್ನಡಕ್ಕೆ ತರುವವರ ಬಗ್ಗೆ ನನ್ನದೊಂದು ತಕರಾರಿದೆ. ಜೈಂಟ್ ಬಂದರೂ ರಾಕ್ಷಸ. ಟ್ರೋಲ್ ಬಂದರೂ ರಾಕ್ಷಸ. ಓಗರ್ ಬಂದರೂ ರಾಕ್ಷಸ. ದೊಡ್ಡ ಮೈ, ಕೋರೆಹಲ್ಲು ಇದ್ದರೆ ಸಾಕು, ಎಲ್ಲಕ್ಕೂ ಅದೇ ಹೆಸರು. ಈ ಒಂದೊಂದು ಹೆಸರಿನ ಹಿಂದೆಯೂ ಬೇರೆ ಬೇರೆ ಜನ, ಬೇರೆ ಬೇರೆ ನೆನಪು ಇವೆ. ಅವೆಲ್ಲ ಒಂದೇ ಏಟಿಗೆ ಅಳಿಸಿಹೋಗುವುದನ್ನು ನೋಡಿದರೆ ಬೇಜಾರಾಗುತ್ತದೆ.

ಮೊದಲು ಜೈಂಟ್ ತೆಗೆದುಕೊಳ್ಳಿ. ಇಂಗ್ಲಿಷ್‌ಗೆ ಇದು ಬಂದಿದ್ದು ಹಳೇ ಫ್ರೆಂಚ್‌ನಿಂದ. ಅಲ್ಲಿಗೆ ಲ್ಯಾಟಿನ್‌ನಿಂದ, ಲ್ಯಾಟಿನ್‌ಗೆ ಗ್ರೀಕ್‌ನಿಂದ. ಗ್ರೀಕ್‌ನಲ್ಲಿ ಒಬ್ಬನಾದರೆ ಗಿಗಾಸ್, ಹಲವರಾದರೆ ಗಿಗಾಂಟೆಸ್. ಕ್ರಿ.ಪೂ. 700ರ ಆಸುಪಾಸಿನ ಕವಿ ಹೆಸಿಯಡ್ ಇವರ ಹುಟ್ಟಿನ ಕಥೆ ಹೇಳುತ್ತಾನೆ. ಕ್ರೋನೊಸ್ ತನ್ನ ಅಪ್ಪ ಉರಾನೊಸ್‌ನನ್ನು, ಅಂದರೆ ಆಕಾಶವನ್ನು, ಕುಡುಗೋಲಿನಿಂದ ಕತ್ತರಿಸುತ್ತಾನೆ. ಚೆಲ್ಲಿದ ರಕ್ತ ಗಾಯಾ ಎಂಬ ಭೂಮಿತಾಯಿಯ ಮೇಲೆ ಬೀಳುತ್ತದೆ. ಆ ರಕ್ತದಿಂದ ಅವಳಿಗೆ ಹುಟ್ಟಿದವರು ಗಿಗಾಂಟೆಸ್. ಮೈಮೇಲೆ ಹೊಳೆಯುವ ಕವಚ, ಕೈಯಲ್ಲಿ ಉದ್ದನೆಯ ಈಟಿ. ಬೆಟ್ಟದಷ್ಟು ಎತ್ತರ ಅನ್ನೋ ಮಾತೇ ಅಲ್ಲಿಲ್ಲ. ಹಳೆಯ ಗ್ರೀಕ್ ಹೂಜಿಗಳ ಚಿತ್ರದಲ್ಲೂ ಅವರು ಸಾಮಾನ್ಯ ಕಾಲಾಳು ಸೈನಿಕರ ಹಾಗೇ ಇದ್ದಾರೆ. ಎದುರಿಗೆ ನಿಂತ ದೇವರಷ್ಟೇ ಎತ್ತರ. ಹಾವಿನ ಕಾಲುಗಳು ಬಂದಿದ್ದು ಆಮೇಲೆ. ಬರ್ಲಿನ್‌ನಲ್ಲಿರುವ ಪೆರ್ಗಮನ್ ಬಲಿಪೀಠದ ಶಿಲ್ಪಗಳಲ್ಲಿ, ಅಂದರೆ ಕ್ರಿ.ಪೂ. 2ನೇ ಶತಮಾನದ ಹೊತ್ತಿಗೆ, ಅಂಥವರು ಕಾಣುತ್ತಾರೆ.

ಅಂದರೆ ಗಿಗಾಂಟೆಸ್ ಎಂದರೆ ಭೂಮಿಯ ಮಕ್ಕಳು, ದೇವರ ಮೇಲೆ ತಿರುಗಿಬಿದ್ದವರು. ಭೂದೇವಿಯ ಮಗ ನರಕಾಸುರ ನೆನಪಾಗುತ್ತಾನೆ, ಅಲ್ವಾ? ಆ ಹೆಸರಿಗೆ 'ಗಾತ್ರ' ಎಂಬ ಅರ್ಥ ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, 1960ರಲ್ಲಿ ನೂರು ಕೋಟಿಯನ್ನು ಸೂಚಿಸಲು ವಿಜ್ಞಾನದ ಅಳತೆಗಳಿಗೆ 'ಗಿಗಾ' ಸೇರಿತು. ನಮ್ಮ ಮೊಬೈಲ್ ಡೇಟಾದ ಗಿಗಾಬೈಟ್ ಅದೇ.

ಇನ್ನು ಉತ್ತರ ಯುರೋಪು. ನನಗೆ ತುಂಬಾ ಇಷ್ಟದ ಭಾಗ ಇದು.

ನಾರ್ವೆ, ಐಸ್‌ಲ್ಯಾಂಡ್ ಕಡೆಯ ಹಳೇ ನಾರ್ಸ್ ಭಾಷೆಯ ಯೋತುನ್ ಪದವನ್ನು ಇಂಗ್ಲಿಷ್‌ನವರು ಸುಮ್ನೆ ಜೈಂಟ್ ಎಂದು ಅನುವಾದಿಸಿಬಿಟ್ಟರು. ಅಲ್ಲಿಂದಲೇ ಗೊಂದಲ ಶುರು. ಯೋತುನ್‌ಗಳಲ್ಲಿ ದೊಡ್ಡ ಮೈಯವರೂ ಇದ್ದಾರೆ, ನಿಜ. ಆದರೆ ಎಲ್ಲರೂ ಹಾಗಿಲ್ಲ. ಗೆರ್ಡ್ ಎಂಬವಳ ಚೆಲುವು ನೋಡಿ ಫ್ರೇ ದೇವನಿಗೆ ಊಟ, ನಿದ್ದೆ ಯಾವುದೂ ಬೇಡವಾಗುತ್ತದೆ. ಸ್ಕಾಡಿ ದೇವರನ್ನೇ ಮದುವೆಯಾಗುತ್ತಾಳೆ. ದೇವರ ರಾಜ ಓಡಿನ್‌ನ ತಾಯಿ ಬೆಸ್ಟ್ಲಾ ಕೂಡ ಇದೇ ಕುಲದವಳು. ದೇವರ ನಡುವೆಯೇ ಇರುವ ತಂಟೆಕೋರ ಲೋಕಿಯ ಅಪ್ಪನೂ ಅಷ್ಟೇ. ಹೀಗೆ ಮದುವೆ ಸಂಬಂಧ ಬೆಳೆಸಿ, ಹಾಗೇ ಬಡಿದಾಡಿಕೊಂಡು ಬದುಕಿದ ಎರಡು ಮನೆತನಗಳ ಕಥೆ ಅದು. ಪದದ ಮೂಲದ ಬಗ್ಗೆ ವಿದ್ವಾಂಸರು ಹೆಚ್ಚಾಗಿ ಹೇಳುವುದು 'ತಿನ್ನು' ಎಂಬ ಹಳೆಯ ಧಾತುವಿನ ನಂಟು. ಹಾಗಿದ್ದರೆ ಯೋತುನ್ ಎಂದರೆ ತಿನ್ನುಬಾಕ. ಬಂಡಿ ಅನ್ನ ಉಣ್ಣುವ ನಮ್ಮ ಬಕಾಸುರನ ಜಾತಿ. ಹೆಸರಿನ ಮೂಲದಲ್ಲಿ ಹೊಟ್ಟೆಯ ಮಾತಿದೆ, ಎತ್ತರದ ಮಾತಿಲ್ಲ.

ಇದೇ ಪದ ಹಳೇ ಇಂಗ್ಲಿಷ್‌ನಲ್ಲಿ 'ಎಯೋಟೆನ್' ಆಗಿತ್ತು. ಸುಮಾರು ಕ್ರಿ.ಶ. 1000ದ ಹಸ್ತಪ್ರತಿಯಲ್ಲಿ ಉಳಿದಿರುವ ಬೇವುಲ್ಫ್ ಕಾವ್ಯದಲ್ಲಿ ಒಂದು ಸಾಲಿದೆ. ಬೈಬಲ್‌ನಲ್ಲಿ ತಮ್ಮನನ್ನೇ ಕೊಂದ ಕೇಯಿನ್‌ನ ಸಂತತಿಯನ್ನು ಪಟ್ಟಿ ಮಾಡುತ್ತಾ ಕವಿ ಎಯೋಟೆನ್‌ಗಳು, ಎಲ್ಫ್‌ಗಳು, ಓರ್ಕ್-ನೇಯಸ್ ಎಂಬ ದುಷ್ಟಜೀವಿಗಳು ಎನ್ನುತ್ತಾನೆ. ಅದರ ಬೆನ್ನಿಗೇ ದೇವರೊಂದಿಗೆ ಹೋರಾಡಿದ 'ಗಿಗಾಂಟಸ್' ಬರುತ್ತಾರೆ. ಅಕ್ಕಪಕ್ಕದಲ್ಲೇ ಊರಿನ ಪದಗಳೂ ಇವೆ, ಬೈಬಲ್ ಮೂಲಕ ಬಂದ ಗ್ರೀಕ್ ಪದವೂ ಇದೆ. ಹಳೇ ಕಾಲದ ಬಲಶಾಲಿಗಳಿಗೆ ಬೈಬಲ್‌ನಲ್ಲಿರುವ ಹೀಬ್ರೂ 'ನೆಫಿಲಿಮ್' ಪದವನ್ನು ಗ್ರೀಕ್‌ಗೆ ತಂದವರು ಗಿಗಾಂಟೆಸ್ ಎಂದು ಬರೆದಿದ್ದರು. ಅದು ಲ್ಯಾಟಿನ್‌ಗೆ ಬಂದು, ಕೊನೆಗೆ ಇಂಗ್ಲಿಷ್ ಕವಿಯ ಕೈಗೆ ಸಿಕ್ಕಿತು. ಆ ಕವಿ ಎರಡನ್ನೂ ಬೇರೆ ಬೇರೆಯಾಗಿ ಇಟ್ಟ. ಸಾವಿರ ವರ್ಷದ ಹಿಂದೆ ಅವನಿಗಿದ್ದ ಎಚ್ಚರ ಇವತ್ತು ನಮಗೆ ಯಾಕಿಲ್ಲ?

ಹಳೇ ಇಂಗ್ಲಿಷ್‌ನಲ್ಲಿ 'ಎಂಟ್' ಎಂಬ ಇನ್ನೊಂದು ಪದವಿತ್ತು. ರೋಮನ್ನರು ಬ್ರಿಟನ್ ಬಿಟ್ಟುಹೋದ ಮೇಲೆ ಅವರ ಕಲ್ಲಿನ ಕಟ್ಟಡಗಳು ಪಾಳು ಬಿದ್ದವು. ಅವನ್ನು ಕಂಡ ಕವಿಗಳು 'ಎಂಟಾ ಯೆವೆಯೋರ್ಕ್' ಎಂದರು, ಎಂಟ್‌ಗಳು ಮಾಡಿದ ಕೆಲಸ ಎಂದು. ಕಟ್ಟಿದವರ ನೆನಪು ಮಾಸಿದಾಗ ಜನ ಹೀಗೇ ಒಂದು ಹೆಸರು ಕೊಡುತ್ತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ಶಿಲಾಗೋರಿಗಳಿರುವ ಬೆಟ್ಟವನ್ನು, ಮೋರ್ಯರೆಂಬ ದಂತಕಥೆಯ ಜನರ ಹೆಸರಲ್ಲಿ, ಮೋರ್ಯರ ಗುಡ್ಡ ಎನ್ನುವುದೂ ಹಾಗೇ. ಆಕ್ಸ್‌ಫರ್ಡ್‌ನಲ್ಲಿ ಹಳೇ ಇಂಗ್ಲಿಷ್ ಪಾಠ ಹೇಳುತ್ತಿದ್ದ, 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಈ ಎಂಟ್ ಪದವನ್ನೇ ಎತ್ತಿಕೊಂಡು ನಡೆದಾಡುವ ಮರಗಳಿಗೆ ಇಟ್ಟರು. ಓರ್ಕ್ ಕೂಡ ಹಾಗೇ ಬಂದದ್ದು.

ಈಗ ಟ್ರೋಲ್. ಇದರ ಮೂಲ ಇನ್ನೂ ಖಚಿತವಾಗಿಲ್ಲ. ಆದರೆ ಹಳೆಯ ಬಳಕೆ ನೋಡಿದರೆ ಮಾಟ, ಮಂತ್ರದ ವಾಸನೆ ಜಾಸ್ತಿ. ಸ್ವೀಡಿಷ್‌ನಲ್ಲಿ ಇವತ್ತಿಗೂ 'ಟ್ರೋಲ್ಲಾ' ಎಂದರೆ ಮಾಯ ಮಾಡು, 'ಟ್ರೋಲ್‌ಕಾರ್ಲ್' ಎಂದರೆ ಮಾಂತ್ರಿಕ. ಐಸ್‌ಲ್ಯಾಂಡಿನ ಸ್ನೋರಿ 13ನೇ ಶತಮಾನದಲ್ಲಿ ಬರೆದ ಎಡ್ಡಾ ಗ್ರಂಥದಲ್ಲಿ ಒಂದು ಅದ್ಭುತ ಪ್ರಸಂಗವಿದೆ. ಬ್ರಾಗಿ ಎಂಬ ಕವಿ ಸಂಜೆ ಕತ್ತಲಲ್ಲಿ ಕಾಡು ದಾಟುತ್ತಿದ್ದಾನೆ. ಒಬ್ಬ ಟ್ರೋಲ್ ಹೆಂಗಸು ಅಡ್ಡ ಬಂದು, ಯಾರು ನೀನು ಎಂದು ಪದ್ಯದಲ್ಲೇ ಕೇಳುತ್ತಾಳೆ. ತನ್ನನ್ನು ಏನೇನೆಂದು ಕರೆಯುತ್ತಾರೆ ಎಂದು ಒಂದೊಂದೇ ಹೇಳುತ್ತಾ ಹೋಗುತ್ತಾಳೆ. ಆಕಾಶದ ಚಕ್ರವನ್ನು ನುಂಗುವವಳು ಎಂಬುದೂ ಅದರಲ್ಲಿದೆ. ಟ್ರೋಲ್ ಎಂದರೆ ಇದಲ್ಲದೆ ಇನ್ನೇನು ಎಂದು ಮುಗಿಸುತ್ತಾಳೆ. ಬ್ರಾಗಿ ಬಿಡುತ್ತಾನೆಯೇ? ಕವಿಯನ್ನು ಏನೇನೆಂದು ಕರೆಯುತ್ತಾರೆ ಎಂದು ಅದೇ ಧಾಟಿಯಲ್ಲಿ ಹಾಡಿ, ಕವಿ ಎಂದರೆ ಇದಲ್ಲದೆ ಇನ್ನೇನು ಎನ್ನುತ್ತಾನೆ. ಇಂಥ ಸವಾಲ್-ಜವಾಬ್ ಮಾಡುವವಳನ್ನು ಬರೀ ಕೋರೆಹಲ್ಲಿನ ರಾಕ್ಷಸಿ ಮಾಡುವುದು ಅನ್ಯಾಯ.

ಗುಡ್ಡದಷ್ಟು ದೊಡ್ಡ, ಮೂಗು ಜೋತ, ಪೆದ್ದ ಟ್ರೋಲ್ ನಮಗೆ ಹತ್ತಿರವಾಗಿದ್ದು 19ನೇ ಶತಮಾನದಲ್ಲಿ. ಆಸ್‌ಬ್ಯೋರ್ನ್‌ಸೆನ್ ಮತ್ತು ಮೂ 1841ರಿಂದ ಪ್ರಕಟಿಸಿದ ನಾರ್ವೆಯ ಜನಪದ ಕಥೆಗಳು, ಆಮೇಲೆ ಕಿಟ್ಟೆಲ್‌ಸೆನ್ ಬರೆದ ಚಿತ್ರಗಳು ಆ ರೂಪವನ್ನು ಗಟ್ಟಿ ಮಾಡಿದವು. ಬೆಳಕು ಬಿದ್ದರೆ ಕಲ್ಲಾಗುವ ನಂಬಿಕೆ ಮಾತ್ರ ಬಹಳ ಹಳೆಯದು. ಐಸ್‌ಲ್ಯಾಂಡಿನ ರೇನಿಸ್‌ಡ್ರಾಂಗರ್ ಕಡಲಬಂಡೆಗಳನ್ನು ಹಡಗು ಎಳೆಯುತ್ತಾ ಬೆಳಗಾಗಿ ಕಲ್ಲಾದ ಟ್ರೋಲ್‌ಗಳು ಎಂದೇ ಅಲ್ಲಿನವರು ಹೇಳುತ್ತಾರೆ. ವಿಡಿಯೋ ಗೇಮ್‌ಗಳ ಹಸಿರು ಟ್ರೋಲ್ ಇದೆಯಲ್ಲ, ಕಡಿದರೂ ಮತ್ತೆ ಬೆಳೆಯುವುದು, ಬೆಂಕಿಗೆ ಹೆದರುವುದು, ಅದು ತೀರಾ ಹೊಸದು. ಪೋಲ್ ಆಂಡರ್ಸನ್ ಎಂಬ ಅಮೆರಿಕನ್ ಲೇಖಕನ ಕಾದಂಬರಿಯಿಂದ 1974ರ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕೆ ಬಂತು. ಅಲ್ಲಿಂದ ಎಲ್ಲೆಡೆ ಹರಡಿತು.

ನಾವು ದಿನಾ ಅನ್ನುವ 'ಟ್ರೋಲ್ ಮಾಡೋದು' ಬೇರೆ ಕುಲದ ಪದ. ದೋಣಿಯ ಹಿಂದೆ ಗಾಳದ ದಾರ ಎಳೆಯುತ್ತಾ ಮೀನು ಹಿಡಿಯುವುದಕ್ಕೆ ಇಂಗ್ಲಿಷ್‌ನಲ್ಲಿ ಟ್ರೋಲಿಂಗ್ ಎನ್ನುತ್ತಾರೆ. 1990ರ ದಶಕದ ಆರಂಭದ ಇಂಟರ್ನೆಟ್‌ನಲ್ಲಿ ಜನರನ್ನು ಕೆಣಕಿ ಗಾಳಕ್ಕೆ ಬೀಳಿಸುವುದಕ್ಕೆ ಅದೇ ಹೆಸರು ಬಿತ್ತು. ಜನಪದ ಕಥೆಯಲ್ಲಿ ಸೇತುವೆ ಕೆಳಗೆ ಕೂತಿರುವ ಟ್ರೋಲ್ ಆಮೇಲೆ ಬಂದು ಅದಕ್ಕೆ ಅಂಟಿಕೊಂಡಿತು.

ಹಾಗಾದರೆ ಕನ್ನಡದಲ್ಲಿ ಏನು ಬರೆಯಬೇಕು? ಯೋತುನ್‌ಗೆ ದೈತ್ಯ ಎಂದರೆ ನನಗೆ ಸಂತೋಷ. ದಿತಿಯ ಮಕ್ಕಳು ದೈತ್ಯರು, ಅದಿತಿಯ ಮಕ್ಕಳು ಆದಿತ್ಯರು. ಇಬ್ಬರಿಗೂ ಅಪ್ಪ ಕಶ್ಯಪ. ದೀಪಾವಳಿಯಲ್ಲಿ ನಾವು ಕರೆಯುವ ಬಲೀಂದ್ರನೂ ದೈತ್ಯನೇ. ದೇವರ ದಾಯಾದಿಗಳು ಎಂಬ ಅರ್ಥ ಆ ಹೆಸರಲ್ಲೇ ಇದೆ. ಆದರೆ ಪತ್ರಿಕೆಗಳು 'ಟೆಕ್ ದೈತ್ಯ', 'ದೈತ್ಯ ಯಂತ್ರ' ಎಂದು ಬರೆದು ಬರೆದು ಆ ಪದವನ್ನೂ ಬರೀ ಗಾತ್ರಕ್ಕೆ ಇಳಿಸಿವೆ. ಕಥೆ ಬರೆಯುವವರು ಅದರ ಹಳೆಯ ಅರ್ಥವನ್ನು ಮತ್ತೆ ಬಳಕೆಗೆ ತರಬೇಕು ಎಂಬುದು ನನ್ನ ಆಸೆ. ಟ್ರೋಲ್ ಮತ್ತು ಎಂಟ್ ಹಾಗೇ ಇರಲಿ. ಅವಕ್ಕೆ ನಮ್ಮಲ್ಲಿ ಜೋಡಿ ಇಲ್ಲ. ಓದುಗರು ಕಲಿಯುತ್ತಾರೆ. ಓಗರ್‌ಗೆ ಮಾತ್ರ ರಾಕ್ಷಸ ಎಂದು ಧಾರಾಳವಾಗಿ ಬರೆಯಿರಿ. ಫ್ರೆಂಚ್ ಲೇಖಕ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಗಳಲ್ಲೇ ಅವನು ಮನೆಗೆ ಬಂದ ಮಕ್ಕಳನ್ನು ಕೊಯ್ದು ತಿನ್ನಲು ಚಾಕು ಮಸೆದವನು.