ನಿಯಮಾನುಸಾರ ಕಾಯಿಲೆ ಬೀಳುವ ಕಲೆ

ಹುಬ್ಬಳ್ಳಿ-ಧಾರವಾಡದ ಜನರಲ್ಲಿ ನೂರು ಒಳ್ಳೆಯ ಗುಣಗಳಿರಬಹುದು. ಆದರೆ ಕಾಯಿಲೆ ಬೀಳುವ ವಿಷಯದಲ್ಲಿ ಅವರಿಗೆ ಕಿಂಚಿತ್ತೂ ಶಿಸ್ತಿಲ್ಲ ಎಂಬುದನ್ನು ವಿಷಾದದಿಂದ ಹೇಳಬೇಕಾಗಿದೆ. ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುತ್ತ ನಿಂತವನಿಗೆ ಇದ್ದಕ್ಕಿದ್ದಂತೆ ಎದೆ ಹಿಂಡುತ್ತದೆ, ಉಣಕಲ್ ಕೆರೆಯ ದಂಡೆಗೆ ಬೆಳಗಿನ ವಾಕಿಂಗ್‌ಗೆ ಹೋದವರ ಬಾಯಿ ಒಂದು ಬದಿಗೆ ವಾಲುತ್ತದೆ, ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವವನ ಕಾಲು ಬಾತುಕೊಳ್ಳುತ್ತದೆ. ಇವರಲ್ಲಿ ಒಬ್ಬರಾದರೂ ಬೀಳುವ ಮುನ್ನ ತಮ್ಮ ಗಂಭೀರ ಕಾಯಿಲೆ ವಿಮೆಯ ಪಾಲಿಸಿಯ ಷರತ್ತುಗಳನ್ನು ತೆಗೆದು ನೋಡಿ, ತಮಗೆ ಬರುತ್ತಿರುವುದು ಪಟ್ಟಿಯಲ್ಲಿರುವ ಕಾಯಿಲೆಯೇ, ಪಟ್ಟಿಯಲ್ಲಿ ಹೇಳಿದಷ್ಟು ಜೋರಾಗಿದೆಯೇ, ಹೇಳಿದ ತಾರೀಖು ಕಳೆದ ಮೇಲೆಯೇ ಬಂದಿದೆಯೇ ಎಂದು ಖಾತ್ರಿ ಮಾಡಿಕೊಂಡದ್ದನ್ನು ಯಾರೂ ಕಂಡಿಲ್ಲ. ಹೀಗೆ ಮನಸ್ಸಿಗೆ ಬಂದಂತೆ ಬಿದ್ದು, ಆಮೇಲೆ ವಿಮಾ ಕಂಪನಿ ರೊಕ್ಕ ಕೊಡಲಿಲ್ಲವೆಂದು ಕೊಪ್ಪೀಕರ ರಸ್ತೆಯ ಚಹಾದಂಗಡಿಯಲ್ಲಿ ಕುಳಿತು ಬೈಯುವುದು ಯಾವ ನ್ಯಾಯ?

ಗಂಭೀರ ಕಾಯಿಲೆ ವಿಮೆ ಮೂಲತಃ ಬಹಳ ಸಭ್ಯವಾದ ಏರ್ಪಾಡು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲಿನ ಹಿಂದೆ ಓಡಾಡುವಂಥದ್ದು. ಬಿಲ್ಲು ಎಷ್ಟೋ ಅಷ್ಟನ್ನು, ಮಿತಿಯ ಒಳಗೆ, ತೀರಿಸಿ ಕೈತೊಳೆದುಕೊಳ್ಳುತ್ತದೆ. ಇದು ಹಾಗಲ್ಲ. ಪಟ್ಟಿಯಲ್ಲಿರುವ ಕಾಯಿಲೆ ಬಂದಿದೆಯೆಂದು ವೈದ್ಯಕೀಯವಾಗಿ ಸಾಬೀತಾದರೆ ಒಪ್ಪಿದ ಮೊತ್ತವನ್ನು ಒಂದೇ ಗಂಟಿನಲ್ಲಿ ರೋಗಿಯ ಖಾತೆಗೆ ಹಾಕುತ್ತದೆ, ಅದನ್ನು ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ಕೇಳುವುದಿಲ್ಲ, ಆಸ್ಪತ್ರೆಯ ಬಿಲ್ಲನ್ನು ಬೇರೊಂದು ಆರೋಗ್ಯ ವಿಮೆ ಈಗಾಗಲೇ ತೀರಿಸಿದ್ದರೂ ತಕರಾರು ಮಾಡುವುದಿಲ್ಲ. ಇದರ ಬೆಲೆ ಏನೆಂಬುದು ಗದಗ-ಬೆಟಗೇರಿಯ ನೇಕಾರನ ಮನೆಯಲ್ಲಿ ಗೊತ್ತಾಗುತ್ತದೆ. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಕಾರ್ಡು ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಖರ್ಚನ್ನು ನೋಡಿಕೊಳ್ಳಬಹುದು. ಆದರೆ ಆರು ತಿಂಗಳು ಸುಮ್ಮನೆ ನಿಂತ ಮಗ್ಗಕ್ಕೆ ಕಾರ್ಡಿಲ್ಲ. ಅವನ ಜೊತೆ ಹುಬ್ಬಳ್ಳಿಗೆ ಬಂದು ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ಉಳಿಯುವ ಹೆಂಡತಿಯ ಕೂಲಿ, ಬಸ್ಸಿನ ಚಾರ್ಜು, ಸಂಘದ ಸಾಲದ ಕಂತು, ಮಗಳ ಕಾಲೇಜಿನ ಫೀ ಇವುಗಳಿಗೂ ಇಲ್ಲ. ಆ ಗಂಟು ಬರುವುದು ಇಂಥವಕ್ಕಾಗಿ.

ಈ ವಿಚಾರವನ್ನು ಹುಟ್ಟಿಸಿದವರೂ ವ್ಯಾಪಾರಿಯಲ್ಲ, ವೈದ್ಯರು. ದಕ್ಷಿಣ ಆಫ್ರಿಕಾದ ಹೃದಯ ಶಸ್ತ್ರಚಿಕಿತ್ಸಕ ಮಾರಿಯಸ್ ಬರ್ನಾರ್ಡ್, 1967ರಲ್ಲಿ ಮನುಷ್ಯನಿಂದ ಮನುಷ್ಯನಿಗೆ ಮೊದಲ ಬಾರಿ ಹೃದಯ ಕಸಿ ಮಾಡಿದ ಕ್ರಿಶ್ಚಿಯಾನ್ ಬರ್ನಾರ್ಡ್ ಅವರ ತಮ್ಮ, ತಾವು ಬದುಕಿಸಿದ ರೋಗಿಗಳು ಮನೆಗೆ ಹೋಗಿ ಹಣದ ಅಡಚಣೆಯಲ್ಲಿ ಸಾಯುವುದನ್ನು ನೋಡಿ ನೊಂದುಕೊಂಡು 1983ರಲ್ಲಿ ಅಲ್ಲಿಯ ಒಂದು ವಿಮಾ ಕಂಪನಿಯನ್ನು ಒಪ್ಪಿಸಿ ಇಂಥ ಮೊದಲ ಪಾಲಿಸಿಯನ್ನು ಹೊರಡಿಸಿದರು. ಅದರಲ್ಲಿದ್ದದ್ದು ನಾಲ್ಕೇ: ಹೃದಯಾಘಾತ, ಕ್ಯಾನ್ಸರ್, ಪಾರ್ಶ್ವವಾಯು, ಬೈಪಾಸ್ ಶಸ್ತ್ರಚಿಕಿತ್ಸೆ. ಡಾಕ್ಟರು ಕರುಣೆಯಿಂದ ಬರೆದದ್ದನ್ನು ವಕೀಲರು ಎಚ್ಚರಿಕೆಯಿಂದ ತಿದ್ದಿದರೆ ಏನಾಗುತ್ತದೆಂಬುದನ್ನು ನೋಡಲು ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕಾಗಿಲ್ಲ. ಮನೆಯ ಕಪಾಟಿನಲ್ಲಿರುವ ಪಾಲಿಸಿಯನ್ನು ತೆಗೆದು ನೋಡಿದರೆ ಸಾಕು.

ಒಂದೊಂದು ಕಂಪನಿ ಒಂದೊಂದು ಅರ್ಥ ಹೇಳುತ್ತ ಕೂತರೆ ಗ್ರಾಹಕನ ಗತಿಯೇನು ಎಂಬ ಸದುದ್ದೇಶದಿಂದಲೇ ನಮ್ಮ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2016ರಲ್ಲಿ 22 ಗಂಭೀರ ಕಾಯಿಲೆಗಳಿಗೆ ಏಕರೂಪದ ವ್ಯಾಖ್ಯೆಗಳನ್ನು ಗೊತ್ತುಮಾಡಿತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ಸುಕ್ಕು, ತೇವ ನೋಡಿ ದರ ಕಟ್ಟುವಂತೆ ಅಂದಿನಿಂದ ಕಾಯಿಲೆಗೂ ದರ್ಜೆ ನೋಡಿಯೇ ಬೆಲೆ. ಕ್ಯಾನ್ಸರ್ ಎಂದರೆ ಬರಿಯ ಕ್ಯಾನ್ಸರ್ ಅಲ್ಲ, ‘ನಿರ್ದಿಷ್ಟ ತೀವ್ರತೆಯ’ ಕ್ಯಾನ್ಸರ್. ಹೃದಯಾಘಾತವೂ ಹಾಗೆಯೇ, ಅದೂ ‘ಮೊದಲನೆಯದೇ’ ಆಗಿರಬೇಕು. ಪಾರ್ಶ್ವವಾಯು ಹೊಡೆದರೆ ಸಾಲದು, ಅದರ ಶಾಶ್ವತ ಊನ ಕನಿಷ್ಠ 3 ತಿಂಗಳು ಉಳಿದಿರಬೇಕು. ಯೋಗ್ಯ ಫಿಸಿಯೋಥೆರಪಿಯಿಂದ ಎರಡೇ ತಿಂಗಳಲ್ಲಿ ಕೈ ಎತ್ತಿ ನಮಸ್ಕಾರ ಮಾಡುವಷ್ಟು ಪೂರ್ತಿ ಚೇತರಿಸಿಕೊಂಡವನು ಕಂಪನಿಗೂ ಒಂದು ನಮಸ್ಕಾರ ಹಾಕಿ ಸುಮ್ಮನಿರತಕ್ಕದ್ದು. ಮೂತ್ರಪಿಂಡವಾದರೆ ಎರಡೂ ಕೂಡಿ, ಮತ್ತೆಂದೂ ಸರಿಹೋಗದಂತೆ ಕೈಕೊಟ್ಟು, ಕಾಯಂ ಡಯಾಲಿಸಿಸ್ ಅಥವಾ ಕಸಿಯ ಹಂತ ಮುಟ್ಟಬೇಕು. ಕೋಮಾಕ್ಕೆ ಹೋಗುವವರು ಕನಿಷ್ಠ 96 ಗಂಟೆ ಎಡೆಬಿಡದೆ, ಹೊರಗಿನ ಯಾವ ಪ್ರಚೋದನೆಗೂ ಸ್ಪಂದಿಸದೆ ಇರಬೇಕು. 95ನೆಯ ಗಂಟೆಗೆ ಮೊಮ್ಮಗಳ ದನಿ ಕೇಳಿ ಕಣ್ಣು ತೆರೆಯುವ ಅಜ್ಜ ಕುಟುಂಬದ ಆರ್ಥಿಕ ಭದ್ರತೆಯ ಬಗ್ಗೆ ಎಷ್ಟು ಬೇಜವಾಬ್ದಾರಿ ಮನುಷ್ಯನೆಂಬುದನ್ನು ನೀವೇ ಊಹಿಸಿ.

ಹೃದಯದ ವಿಷಯದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಕಡೆ ಎಲ್ಲರೂ ‘ಹಾರ್ಟ್ ಆದ್ರ ರೊಕ್ಕ ಬರ್ತೈತಿ’ ಎಂಬ ಒಂದೇ ನಂಬಿಕೆಯ ಮೇಲೆ ಪ್ರೀಮಿಯಂ ಕಟ್ಟುತ್ತಿದ್ದಾರೆ. ವ್ಯಾಖ್ಯೆಯ ಪ್ರಕಾರ ಎದೆನೋವಿನಂಥ ಲಕ್ಷಣವಿರಬೇಕು, ಇಸಿಜಿಯಲ್ಲಿ ಹೊಸದಾಗಿ ಬದಲಾವಣೆ ಕಾಣಬೇಕು, ರಕ್ತದಲ್ಲಿ ಟ್ರೋಪೋನಿನ್‌ನಂಥ ಸೂಚಕ ಏರಿರಬೇಕು. ಮೂರೂ ಒಟ್ಟಿಗೆ ಕೂಡಿಬರಬೇಕು. ಹೃದಯಕ್ಕೆ ರಕ್ತ ಸಾಲದೆ ಬರುವ ಬರಿಯ ಆಂಜೈನಾ ನೋವು ಎಷ್ಟೇ ಬೆವರಿಳಿಸಿದರೂ ಲೆಕ್ಕಕ್ಕಿಲ್ಲ. ಆಘಾತವಾಗುವ ಮೊದಲೇ ಬ್ಲಾಕ್ ಪತ್ತೆಯಾಗಿ, ವೈದ್ಯರು ಸ್ಟೆಂಟ್ ಹಾಕಿ ಮೂರನೆಯ ದಿನ ನಡೆಸಿಕೊಂಡೇ ಮನೆಗೆ ಕಳಿಸಿದರೆ ಹೆಂಡತಿ ಸಿದ್ಧಾರೂಢ ಮಠಕ್ಕೆ ಕಾಯಿ ಒಡೆಸಲು ಹೋಗಬಹುದು, ಆದರೆ ಪಾಲಿಸಿ ಕಣ್ಣೆತ್ತಿಯೂ ನೋಡುವುದಿಲ್ಲ. ಬೈಪಾಸ್‌ನ ವ್ಯಾಖ್ಯೆ ಹೀಗೆ ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿಯನ್ನು ಹೆಸರು ಹಿಡಿದು ಹೊರಗಿಟ್ಟಿದೆ, ಅದನ್ನು ಬೇರೆಯಾಗಿ ಪಟ್ಟಿಯಲ್ಲಿ ಸೇರಿಸಿದ ಪಾಲಿಸಿಯಾದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು. ವೈದ್ಯಶಾಸ್ತ್ರ ಮುಂದುವರಿದು ಎದೆ ಸೀಳದೆ ಕೆಲಸ ಮುಗಿಸುವುದನ್ನು ಕಲಿತದ್ದು ರೋಗಿಯ ಮಟ್ಟಿಗೆ ದೊಡ್ಡ ಭಾಗ್ಯ, ಪಾಲಿಸಿದಾರನ ಮಟ್ಟಿಗೆ ನಷ್ಟ. ದುರ್ದೈವಕ್ಕೆ ಇಬ್ಬರೂ ಒಂದೇ ಮಂಚದ ಮೇಲೆ ಮಲಗಿರುತ್ತಾರೆ.

ಕ್ಯಾನ್ಸರಿನದು ಇದಕ್ಕಿಂತ ಸೊಗಸಾದ ಕತೆ. ಬೇಗ ತಪಾಸಣೆ ಮಾಡಿಸಿಕೊಳ್ಳಿ, ಆರಂಭದಲ್ಲೇ ಪತ್ತೆಯಾದರೆ ಗುಣವಾಗುತ್ತದೆ ಎಂದು ಸರ್ಕಾರ ಗೋಡೆಗೋಡೆಯ ಮೇಲೆ ಬರೆಸುತ್ತದೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುತ್ತಾರೆ, ನವನಗರದ ಕ್ಯಾನ್ಸರ್ ಆಸ್ಪತ್ರೆಯ ಯಾವ ವೈದ್ಯರನ್ನು ಕೇಳಿದರೂ ಅದನ್ನೇ ಹೇಳಿಯಾರು. ಇವರೆಲ್ಲರ ಮಾತಿಗೆ ಕಿವಿಗೊಟ್ಟ ಹೆಣ್ಣುಮಗಳೊಬ್ಬಳು ಹೋಗಿ ತಪಾಸಣೆ ಮಾಡಿಸಿಕೊಂಡು, ಗಡ್ಡೆ ಇನ್ನೂ ಹುಟ್ಟಿದ ಪದರ ಬಿಟ್ಟು ಕದಲದ ಹಂತದಲ್ಲೇ ಸಿಕ್ಕಿಬಿದ್ದರೆ, ಪಾಲಿಸಿ ಹೇಳುವುದೇನೆಂದರೆ: ತಾಯೀ, ಇಷ್ಟು ಅವಸರ ಏನಿತ್ತು? ಹಾಗೆ ಇನ್ನೂ ಹರಡದ ಹಂತದ ಕ್ಯಾನ್ಸರ್ ವ್ಯಾಖ್ಯೆಯ ಹೊರಗೆ. ಥೈರಾಯ್ಡ್, ಪ್ರಾಸ್ಟೇಟ್, ಮೂತ್ರಕೋಶದ ಕೆಲವು ಆರಂಭಿಕ ಹಂತಗಳೂ ಹೊರಗೆ. ಚರ್ಮದ ಸೌಮ್ಯ ಬಗೆಯವು ಬೇರೆಡೆಗೆ ಹರಡುವವರೆಗೂ ಹೊರಗೆ. ಆರಂಭದ ಹಂತಕ್ಕೂ ಮೊತ್ತದ ಒಂದು ಪಾಲು ಕೊಡುವ ಪಾಲಿಸಿಗಳು ಈಗ ಇವೆ ಎಂಬುದನ್ನು ಮರೆಮಾಚುವುದಿಲ್ಲ, ಅವನ್ನು ಕೇಳಿ ತೆಗೆದುಕೊಂಡವರು ಜಾಣರು. ಉಳಿದವರ ಸ್ಥಿತಿ ಹೀಗಿದೆ: ಆರೋಗ್ಯ ಇಲಾಖೆಯ ಮಾತು ಕೇಳಿದರೆ ಜೀವ ಉಳಿಯುತ್ತದೆ, ರೊಕ್ಕ ಬರುವುದಿಲ್ಲ, ಪಾಲಿಸಿಯ ಮಾತು ಕೇಳಿದರೆ ರೊಕ್ಕ ಬರುತ್ತದೆ, ಎಣಿಸಲು ಯಾರಿರುತ್ತಾರೋ ನೋಡಬೇಕು.

ಇನ್ನು ತಾರೀಖುಗಳ ಸಂಗತಿ. ಪಾಲಿಸಿ ತೆಗೆದುಕೊಂಡ ಮೇಲೆ ಸಾಮಾನ್ಯವಾಗಿ ಮೊದಲ 90 ದಿನ ಯಾವ ಗಂಭೀರ ಕಾಯಿಲೆಯೂ ಬರಕೂಡದು. ದೀಪಾವಳಿಗೆ ಪಾಲಿಸಿ ಮಾಡಿಸಿದವರು ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚಿ ಮುಗಿದ ಮೇಲೂ ಕೆಲವು ದಿನ ಗಟ್ಟಿಮುಟ್ಟಾಗಿರತಕ್ಕದ್ದು. ಆಮೇಲೆ ಬಂದರೆ ಸರಿ, ಬಂದ ಮೇಲೆ ಬದುಕಬೇಕು. ಎಷ್ಟು ದಿನ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಲವು ಪಾಲಿಸಿಗಳಲ್ಲಿ 30 ದಿನ, ಕೆಲವು ಉದಾರಿಗಳಲ್ಲಿ ಅದಕ್ಕಿಂತ ಕಡಿಮೆ. 29ನೆಯ ರಾತ್ರಿ ಪ್ರಾಣ ಬಿಟ್ಟವನ ಮನೆಯವರಿಗೆ ಕಂಪನಿ ಕೊಡುವ ಉತ್ತರದಲ್ಲಿ ತರ್ಕದೋಷ ಒಂದಿಷ್ಟೂ ಇರುವುದಿಲ್ಲ. ಈ ವಿಮೆ ಇರುವುದು ಕಾಯಿಲೆಯೊಂದಿಗೆ ಬದುಕುವವರಿಗೆ, ಸತ್ತವರಿಗೆ ಜೀವವಿಮೆ ಬೇರೆ ಇದೆ, ಅದನ್ನೇಕೆ ಮಾಡಿಸಲಿಲ್ಲ? ಐಸಿಯುನ ಹೊರಗೆ ಕುಳಿತ ಮಗ ಕ್ಯಾಲೆಂಡರ್ ನೋಡುತ್ತಿದ್ದಾನೆಂದರೆ ಅವನನ್ನು ದುರಾಸೆಯವನೆನ್ನಬೇಡಿ, ಅವನು ಷರತ್ತು ಓದಿದ ಏಕೈಕ ಗ್ರಾಹಕನಿರಬಹುದು.

ಈ ಷರತ್ತುಗಳನ್ನು ಯಾರೂ ಓದುವುದಿಲ್ಲವೇಕೆ ಎಂದರೆ, ಓದಲು ಸಮಯ ಬರುವ ಮೊದಲೇ ಪಾಲಿಸಿ ಮಾಡಿಸಿ ಆಗಿಹೋಗಿರುತ್ತದೆ. ಧಾರವಾಡದ ಮಾಳಮಡ್ಡಿಯ ಮನೆಯೊಂದರ ಪಡಸಾಲೆಯಲ್ಲಿ ಏಜೆಂಟರು ಟ್ಯಾಬ್ ಹಿಡಿದು ಕುಳಿತಿದ್ದಾರೆ, ಎದುರಿಗೆ ನಿವೃತ್ತಿಗೆ ಹತ್ತು ವರ್ಷವಿರುವ ಮಾಸ್ತರರು.

“ಸರ, ಶುಗರ್ ಏನರ ಐತೇನ್ರಿ?”

“ಸ್ವಲ್ಪ ಐತ್ರಿ. ಮುಂಜಾನೆ ಒಂದು ಗುಳಿಗಿ ತಗೋತೇನಿ.”

“ಒಂದ ಗುಳಿಗಿ ಹೌದಲ್ರಿ? ಅದನ್ನೆಲ್ಲ ಬರಿಯೂದು ಬ್ಯಾಡ್ರಿ ಸರ. ಬರದ್ರ ಸುಮ್ನ ಮೆಡಿಕಲ್ ಮಾಡಸ್ರಿ ಅಂತಾರ, ಪ್ರೀಮಿಯಂ ಏರಸ್ತಾರ. ‘ಇಲ್ಲ’ ಅಂತ ಒತ್ತಿಬಿಡೂಣ್ರಿ. ಈಗ ಒಂದು ಓಟಿಪಿ ಬಂದಿರಬೇಕು ನೋಡ್ರಿ.”

ಚಹಾ ತಣ್ಣಗಾಗುವುದರೊಳಗೆ ಇಂಗ್ಲಿಷಿನ ಎಂಟು ಪುಟದ ಘೋಷಣೆಗೆ ಮಾಸ್ತರರು ಆರು ಅಂಕಿಗಳಲ್ಲಿ ಸಹಿ ಮಾಡಿರುತ್ತಾರೆ. ಪಾಲಿಸಿಯ ಸಾರವನ್ನು ಸರಳವಾಗಿ ಹೇಳುವ ಮಾಹಿತಿ ಹಾಳೆಯೊಂದನ್ನು ಕೊಡಬೇಕು, ಗ್ರಾಹಕ ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲೂ ಒದಗಿಸಬೇಕು ಎಂಬ ನಿಯಮ 2024ರಿಂದ ಇದೆ; ಆದರೆ ಅಂಥದ್ದೊಂದನ್ನು ಬಯಸಬಹುದೆಂಬುದು ಗ್ರಾಹಕನಿಗೆ ಗೊತ್ತಾಗಲು ಅದೇ ಹಾಳೆಯನ್ನು ಓದಬೇಕು. ಮುಂದೆ ಕಾಯಿಲೆ ಬಂದ ದಿನ ಕಂಪನಿಯ ತನಿಖೆಯವರು ಬಂದು, ಓಣಿಯ ಡಾಕ್ಟರ ಹಳೆಯ ಚೀಟಿಯಲ್ಲಿ ಆ ಒಂದು ಗುಳಿಗೆಯನ್ನು ಪತ್ತೆ ಹಚ್ಚುತ್ತಾರೆ. ಮಾರುವಾಗ ಯಾರಿಗೂ ಕಾಣದ ಗುಳಿಗೆ ಕೊಡುವಾಗ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ, ಇದೇ ದೃಷ್ಟಿಶಕ್ತಿಯನ್ನು ಪಾಲಿಸಿ ಕೊಡುವ ದಿನ ಬಳಸಿದ್ದರೆ ಮಾಸ್ತರರು ನಾಲ್ಕು ಕಾಸು ಹೆಚ್ಚು ಕಟ್ಟಿ ನೆಮ್ಮದಿಯಿಂದ ಇರುತ್ತಿದ್ದರು. ಆ ಹೊತ್ತಿಗೆ ಏಜೆಂಟರ ಫೋನು ‘ವ್ಯಾಪ್ತಿ ಪ್ರದೇಶದಿಂದ ಹೊರಗೆ’ ಹೋಗಿರುತ್ತದೆ.

ಆರೋಗ್ಯ ವಿಮೆಯಲ್ಲಿ 60 ತಿಂಗಳು ಎಡೆಬಿಡದೆ ಪ್ರೀಮಿಯಂ ಕಟ್ಟಿದವರನ್ನು, ವಂಚನೆ ಸಾಬೀತಾದರೆ ಹೊರತು, ‘ನೀವು ಅದನ್ನು ಹೇಳಲಿಲ್ಲ’ ಎಂದು ವಾಪಸು ಕಳಿಸುವಂತಿಲ್ಲ. 2024ರವರೆಗೆ ಇದು ಎಂಟು ವರ್ಷವಿತ್ತು, ಈಗ ಐದಕ್ಕೆ ಇಳಿದಿದೆ. ಕಂಪನಿ ಒಪ್ಪದಿದ್ದರೆ, ಅಥವಾ ದೂರು ಕೊಟ್ಟು ಒಂದು ತಿಂಗಳಾದರೂ ಬಾಯಿ ಬಿಡದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು; ಶುಲ್ಕವಿಲ್ಲ, ವಕೀಲರೂ ಬೇಡ, 50 ಲಕ್ಷ ರೂಪಾಯಿವರೆಗಿನ ತಕರಾರುಗಳನ್ನು ಅಲ್ಲಿ ಕೇಳುತ್ತಾರೆ. ವೈಯಕ್ತಿಕ ಪಾಲಿಸಿಗಳ ಮೇಲಿನ 18 ಶೇಕಡಾ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ, ಅಂದರೆ ಕಾಯಿಲೆಯ ಭಯವನ್ನು ಅಲ್ಲಿಯವರೆಗೆ ಐಷಾರಾಮದ ದರಕ್ಕೆ ಹತ್ತಿರದಲ್ಲೇ ಇರಿಸಲಾಗಿತ್ತು. ಇಂಥ ಉಪಯೋಗದ ಮಾತುಗಳನ್ನು ಏಜೆಂಟರು ಹೇಳುವುದಿಲ್ಲವಾದ್ದರಿಂದ ವಿಡಂಬನೆ ಬರೆಯುವವರು ಹೇಳಬೇಕಾಗಿ ಬಂದಿದೆ.

ಆದರೂ ಷರತ್ತುಗಳು ಬದಲಾಗುವವರೆಗೆ ಕಾಯುವುದಕ್ಕಿಂತ ಅಂಗಾಂಗಗಳನ್ನು ತಿದ್ದುವುದು ಸುಲಭವೆಂದು ನನಗೆ ತೋರುತ್ತದೆ. ಧಾರವಾಡದ ಸಪ್ತಾಪುರದಲ್ಲಿ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಯಾವ ಪರೀಕ್ಷೆಗೆ ಬೇಕಾದರೂ ಕೋಚಿಂಗ್ ಸಿಗುತ್ತದೆ. ಅಲ್ಲಿಯೇ ಒಂದು ಮಹಡಿ ಬಾಡಿಗೆಗೆ ಹಿಡಿದು ಗಂಭೀರ ಕಾಯಿಲೆ ಕೋಚಿಂಗ್ ಕೇಂದ್ರವನ್ನು ತೆರೆಯಬೇಕು. ಹೃದಯಕ್ಕೆ ಬೆಳಗಿನ ಬ್ಯಾಚು: ನೋವು, ಇಸಿಜಿ, ಟ್ರೋಪೋನಿನ್ ಮೂರನ್ನೂ ಏಕಕಾಲಕ್ಕೆ ಒದಗಿಸುವ ಅಭ್ಯಾಸ. ಮೂತ್ರಪಿಂಡಗಳಿಗೆ ಜೋಡಿಯಾಗಿಯೇ ಪ್ರವೇಶ, ಒಂಟಿಯಾಗಿ ಬಂದವರಿಗೆ ಸೀಟಿಲ್ಲ. ಗಡ್ಡೆಗಳಿಗೆ ತಾಳ್ಮೆಯ ತರಗತಿ. ಕೋಮಾ ವಿಭಾಗದವರಿಗೆ 96 ಗಂಟೆಗಳ ಮಾದರಿ ಪರೀಕ್ಷೆ, ನಡುವೆ ಚಹಾಕ್ಕೂ ಬಿಡುವಿರುವುದಿಲ್ಲ. ಫೀ ಒಂದೇ ಕಂತಿನಲ್ಲಿ ಮುಂಗಡವಾಗಿ ಕಟ್ಟಬೇಕು, ಮೊದಲ 90 ದಿನ ಪಾಠ ನಡೆಯುವುದಿಲ್ಲ. ಪ್ರವೇಶಪತ್ರವನ್ನು ಕಾಯಿಲೆ ಖಚಿತವಾದ 31ನೆಯ ದಿನ ಅಭ್ಯರ್ಥಿಯು ಖುದ್ದಾಗಿ ಬಂದು ಪಡೆಯತಕ್ಕದ್ದು. ಸಂಬಂಧಿಕರ ಕೈಯಲ್ಲಿ ಕೊಡಲಾಗುವುದಿಲ್ಲ.