ಮಗುವಿನ ಮೇಲೆ ಬಿದ್ದ ಎಕ್ಸ್‌ರೇ ಲೆಕ್ಕ ಎಲ್ಲಿ?

ನಾನು ಅಮೆರಿಕದ ಒಹಾಯೋದಲ್ಲಿ ಮಕ್ಕಳ ಆಸ್ಪತ್ರೆಯೊಂದರ ಕ್ಯಾಥ್ ಲ್ಯಾಬ್‌ನಲ್ಲಿ, ಅಂದರೆ ಎಕ್ಸ್‌ರೇ ನೋಡಿಕೊಂಡು ರಕ್ತನಾಳದ ಮೂಲಕ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆಯಲ್ಲಿ, ಟೆಕ್ನಾಲಜಿಸ್ಟ್. ಊರಿನವರು ಫೋನ್ ಮಾಡಿದಾಗಲೆಲ್ಲ "ಅಲ್ಲಿ ಎಲ್ಲಾ ಸೂಪರ್ ಅಲ್ವಾ?" ಅಂತ ಕೇಳುತ್ತಾರೆ. ಎಲ್ಲಾ ಏನಿಲ್ಲ. ಬೆಂಗಳೂರಿನ ದೊಡ್ಡ ಹೃದ್ರೋಗ ಆಸ್ಪತ್ರೆಗಳಲ್ಲಿ ಬರುವಷ್ಟು ಮಕ್ಕಳ ಕೇಸು ಇಲ್ಲಿನ ಎಷ್ಟೋ ಆಸ್ಪತ್ರೆಗಳಿಗೆ ಬರುವುದೇ ಇಲ್ಲ. ಅಲ್ಲಿನ ಡಾಕ್ಟರುಗಳ ಕೈ ಪಳಗಿದೆ, ಕೈ ಪಳಗಿದಷ್ಟೂ ಎಕ್ಸ್‌ರೇ ಆನ್ ಇರುವ ಹೊತ್ತು ಕಡಿಮೆ. ನನ್ನ ತಕರಾರು ಇರುವುದು ಆಮೇಲೆ ಕೈಗೆ ಕೊಡುವ, ಎಕ್ಸ್‌ರೇ ಲೆಕ್ಕವೇ ಇಲ್ಲದ ಕಾಗದದ ಬಗ್ಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹೃದಯದಲ್ಲಿ ತೂತಿರುವ ಮಕ್ಕಳಿಗೆ, ಹುಟ್ಟಿದ ಮೇಲೆ ತಾನಾಗೇ ಮುಚ್ಚಬೇಕಿದ್ದ ಪಿಡಿಎ ಅನ್ನುವ ನಾಳ ತೆರೆದೇ ಉಳಿದ ಮಕ್ಕಳಿಗೆ, ಈಗ ಎಲ್ಲಾ ಸಲವೂ ಎದೆ ತೆರೆಯಬೇಕಿಲ್ಲ. ತೊಡೆಸಂದಿನ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇ ಪರದೆ ನೋಡಿಕೊಂಡೇ ಅದನ್ನು ಮುಚ್ಚುವ ಡಿವೈಸ್ ಕೂರಿಸುತ್ತಾರೆ. ಡಾಕ್ಟರ ಕಾಲು ಪೆಡಲ್ ಮೇಲೆ ಇರುವಷ್ಟು ಹೊತ್ತೂ ಮಗುವಿನ ಮೇಲೆ ಕಿರಣ ಬೀಳುತ್ತಿರುತ್ತೆ. ಮಕ್ಕಳದು ಬೆಳೆಯುವ ಮೈ, ಮುಂದೆ ಬದುಕಬೇಕಾದ ವರ್ಷಗಳೂ ಜಾಸ್ತಿ. ಹಾಗಾಗಿ ಅಷ್ಟೇ ಕಿರಣಕ್ಕೆ ದೊಡ್ಡವರಿಗಿಂತ ಅವರಿಗೆ ಅಪಾಯ ಹೆಚ್ಚು. ಹುಟ್ಟಿನಿಂದ ಬಂದ ಹೃದ್ರೋಗ ಒಂದೇ ಸಲಕ್ಕೆ ಮುಗಿಯದಿದ್ದರೆ ಇದು ಸೇರುತ್ತಾ ಹೋಗುತ್ತೆ.

ಕಡಿಮೆ ಮಾಡಲು ದೊಡ್ಡ ಖರ್ಚೇನೂ ಬೇಡ. ಕಿರಣವನ್ನು ಸೆಕೆಂಡಿಗೆ 30 ಪಲ್ಸ್ (ಬಿಟ್ಟುಬಿಟ್ಟು ಬರುವ ಮಿಡಿತ) ಬದಲು 15, ಆಗುವುದಾದರೆ 7.5ಕ್ಕೆ ಇಳಿಸುತ್ತೇವೆ. ಚಿತ್ರ ಸ್ವಲ್ಪ ಎಗರೆಗರಿ ಬರುತ್ತೆ, ಅಷ್ಟೇ. ಚಿಕ್ಕ ಮಗುವಾದರೆ ಡಿಟೆಕ್ಟರ್ (ಮೈ ದಾಟಿ ಬಂದ ಕಿರಣವನ್ನು ಚಿತ್ರವಾಗಿಸುವ ಫಲಕ) ಮುಂದಿನ ಗ್ರಿಡ್, ಅಂದರೆ ಚೆದುರಿದ ಕಿರಣ ತಡೆಯುವ ಜಾಲರಿ, ತೆಗೆದುಬಿಡುತ್ತೇವೆ, ಯಾಕೆಂದರೆ ತೆಳ್ಳಗಿನ ಮೈಯಲ್ಲಿ ಕಿರಣ ಚೆದುರುವುದೇ ಕಮ್ಮಿ, ಗ್ರಿಡ್ ಇದ್ದರೆ ಅದು ತಡೆದದ್ದನ್ನು ತುಂಬಿಸಲು ಯಂತ್ರ ಸುಮ್ನೆ ಜಾಸ್ತಿ ಕಿರಣ ಬಿಡುತ್ತೆ. ಡಿಟೆಕ್ಟರನ್ನು ಮಗುವಿಗೆ ಆದಷ್ಟು ಹತ್ತಿರ, ಕಿರಣ ಬಿಡುವ ಟ್ಯೂಬನ್ನು ಆದಷ್ಟು ದೂರ. ಬೇಕಾದ ಜಾಗವಷ್ಟೇ ಕಾಣುವ ಹಾಗೆ ಕಿರಣದ ಅಗಲ ಕಿರಿದಾಗಿಸುವ ಕೊಲಿಮೇಟರ್ ಮುಚ್ಚುವುದು. ಸುಮ್ಮಸುಮ್ಮನೆ ಝೂಮ್ ಮಾಡದಿರುವುದು. ಚರ್ಚೆ ಮಾಡಬೇಕೆಂದರೆ ಪೆಡಲ್ ಬಿಟ್ಟು, ಪರದೆಯಲ್ಲಿ ನಿಂತ ಕೊನೆಯ ಚಿತ್ರ ನೋಡಿ ಮಾತಾಡುವುದು. ಬೆಂಗಳೂರಿನ ಯಂತ್ರಗಳೂ ಇವೇ ಕಂಪನಿಗಳವು, ಇವೇ ಬಟನ್ನುಗಳು.

ಅಮೆರಿಕದವರೇನು ಹುಟ್ಟಾ ಜಾಣರಲ್ಲ. ಮಕ್ಕಳಿಗೂ ದೊಡ್ಡವರ ಸೆಟ್ಟಿಂಗ್‌ನಲ್ಲೇ ಸಿಟಿ ಸ್ಕ್ಯಾನ್ ಮಾಡುತ್ತಿದ್ದಾರೆ ಅಂತ 2001ರಲ್ಲಿ ಇಲ್ಲಿ ದೊಡ್ಡ ಗಲಾಟೆಯೇ ಆಯಿತು. 'ಇಮೇಜ್ ಜೆಂಟ್ಲಿ' ಅನ್ನುವ ಅಭಿಯಾನ ಶುರುವಾಗಿದ್ದು 2008ರಲ್ಲಿ. ಕ್ಯಾಥ್ ಲ್ಯಾಬ್‌ನಂಥ ಕಡೆಗೆ 'ಸ್ಟೆಪ್ ಲೈಟ್ಲಿ' ಅಂತ ಚೆಕ್‌ಲಿಸ್ಟ್ ಬಂದಿದ್ದು 2009ರಲ್ಲಿ. 2006ರ ಜೂನ್ ನಂತರ ತಯಾರಾದ ಫ್ಲೋರೋಸ್ಕೋಪಿ (ಎಕ್ಸ್‌ರೇಯನ್ನು ಪರದೆಯಲ್ಲಿ ಚಲಿಸುವ ಚಿತ್ರವಾಗಿ ತೋರಿಸುವ) ಯಂತ್ರ ಒಟ್ಟು ಡೋಸನ್ನು, ಅಂದರೆ ಬಿದ್ದ ಕಿರಣದ ಪ್ರಮಾಣವನ್ನು, ಪರದೆಯಲ್ಲಿ ತೋರಿಸಲೇಬೇಕು ಅಂತ ಇಲ್ಲಿನ ಕಾನೂನು. ಆ ಅಂಕಿಯನ್ನು ನಾವು ಪ್ರತಿ ಕೇಸಿಗೂ ಫೈಲಿಗೆ ಹಾಕುತ್ತೇವೆ. ಹಾಕದಿದ್ದರೆ ತಪಾಸಣೆಗೆ ಬಂದವರು ಬಿಡಲ್ಲ. ಒಳ್ಳೆತನಕ್ಕಿಂತ ಆ ಭಯವೇ ಜಾಸ್ತಿ ಕೆಲಸ ಮಾಡಿದೆ ಅಂತ ನನಗನಿಸುತ್ತೆ.

ಶಿವಮೊಗ್ಗದಲ್ಲಿರುವ ನನ್ನ ಅಕ್ಕನ ಮಗನಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪಿಡಿಎ ಮುಚ್ಚಿದರು. ಕೆಲಸ ಅಚ್ಚುಕಟ್ಟು, ಮಗು ಚೆನ್ನಾಗಿದೆ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ತರಿಸಿಕೊಂಡು ನೋಡಿದೆ. ಡಿವೈಸಿನ ಸೈಜು ಇದೆ, ಕೊಟ್ಟ ಔಷಧಿ ಇದೆ, ಎಕೋ ರಿಪೋರ್ಟ್ ಇದೆ. ಫ್ಲೋರೋ ಟೈಮ್, ಅಂದರೆ ಎಕ್ಸ್‌ರೇ ಆನ್ ಇದ್ದ ಹೊತ್ತು, ಇಲ್ಲ, ಡೋಸ್ ಇಲ್ಲ. ಕೇಳು ಅಂದೆ. ಅಕ್ಕ ಹಿಂಜರಿದಳು, ಕೊನೆಗೆ ಭಾವ ಕೇಳಿದರು. "ತಲೆ ಕೆಡಿಸ್ಕೋಬೇಡಿ, ಏನೂ ಆಗಲ್ಲ" ಅಂದರಂತೆ. ಒಂದು ಲೆಕ್ಕಕ್ಕೆ ಡಾಕ್ಟರು ಹೇಳಿದ್ದು ಸರಿಯೇ. ನಾಳ ಹಾಗೇ ಬಿಟ್ಟಿದ್ದರೆ ಆಗುತ್ತಿದ್ದ ತೊಂದರೆಯ ಮುಂದೆ ಈ ಅಪಾಯ ತೀರಾ ಸಣ್ಣದು, ಕಿರಣಕ್ಕೆ ಹೆದರಿ ಯಾರೂ ಚಿಕಿತ್ಸೆ ಮುಂದೂಡಬಾರದು. ಆದರೆ ಭಾವ ಕೇಳಿದ್ದು ಎಷ್ಟು ಅಂತ.

ತಮಾಷೆ ಏನು ಗೊತ್ತಾ? ಅದೇ ಲ್ಯಾಬಿನಲ್ಲಿ ಸೀಸದ ಏಪ್ರನ್ ಹಾಕಿ ನಿಂತವರ ಎದೆಯ ಮೇಲೆ ಬಿದ್ದ ಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಓದಿಸಬೇಕು. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲಿದ ಕಿರಣದ ಅಳತೆ) ದಾಟಬಾರದು, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು ಅಂತ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ. ರೋಗಿಗೆ ಇಂಥ ಮಿತಿ ಎಲ್ಲೂ ಇಲ್ಲ, ಇರಲೂಬಾರದು, ಚಿಕಿತ್ಸೆ ನಡುವೆ ನಿಲ್ಲಿಸೋಕಾಗುತ್ತಾ? ಆದರೂ ಚೆದುರಿ ಬಂದ ಕಿರಣ ಬೀಳುವವರ ಲೆಕ್ಕ ಅಷ್ಟು ಜೋಪಾನವಾಗಿರುವಾಗ ನೇರ ಕಿರಣ ತಿಂದ ಮಗುವಿನ ಅಂಕಿ ಯಂತ್ರ ಆಫ್ ಮಾಡಿದ ಕೂಡಲೇ ಮರೆತುಹೋಗುವುದು ನನಗೆ ಅರ್ಥವಾಗಿಲ್ಲ.

ನಾನು ಕೇಳುತ್ತಿರುವುದು ಸಮ್ಮರಿಯಲ್ಲಿ ಒಂದೇ ಸಾಲು: ಮಗುವಿನ ತೂಕ, ಫ್ಲೋರೋ ಟೈಮ್, ಒಟ್ಟು ಡೋಸ್. ಬರೆಯಲು ಅರ್ಧ ನಿಮಿಷ. ಅದರ ಲಾಭ ತಂದೆ ತಾಯಿಗಷ್ಟೇ ಅಲ್ಲ. ಇಂಥ ಕೇಸಿಗೆ ಇಷ್ಟು ತೂಕದ ಮಗುವಿಗೆ ಸಾಮಾನ್ಯವಾಗಿ ಎಷ್ಟು ಡೋಸ್ ಆಗುತ್ತೆ ಅನ್ನುವ ಅಳತೆ ಇದ್ದರೆ ತಾನೇ, ನಮ್ಮದು ಜಾಸ್ತಿ ಆಯಿತಾ ಅಂತ ಲ್ಯಾಬಿಗೆ ಗೊತ್ತಾಗುವುದು? ಅಮೆರಿಕದ ಅಂಕಿ ತಂದು ಹಾಕಿದರೆ ಪೂರ್ತಿ ಹೊಂದುವುದಿಲ್ಲ, ಅದೇ ವಯಸ್ಸಿನ ನಮ್ಮ ಮಕ್ಕಳು ಎಷ್ಟೋ ಸಲ ತೂಕದಲ್ಲಿ ಕಡಿಮೆ ಇರುತ್ತಾರೆ. ಬೆಂಗಳೂರಿನಲ್ಲಿ ನಡೆಯುವಷ್ಟು ಕೇಸುಗಳ ಅಂಕಿ ಒಂದು ವರ್ಷ ಬರೆದಿಟ್ಟರೆ ಸಾಕು, ನಮ್ಮದೇ ಅಳತೆ ಸಿಗುತ್ತೆ, ಇಲ್ಲಿ ನಾವೂ ಅದನ್ನು ತರಿಸಿಕೊಂಡು ನೋಡುತ್ತೇವೆ.