ಇಪ್ಪತ್ತು ಮನೆ ಸೇರಿದರೆ ಸಾಕಲ್ಲ?

ಕೊಡಗಿನ ಶಾಂತಳ್ಳಿಯ ಚಿಕ್ಕಪ್ಪನ ಮನೆಯಲ್ಲಿ ಕರೆಂಟ್ ಬಿಲ್ ನೋಡಿ ತಲೆ ಕೆಟ್ಟು ಬರೀತಿದ್ದೇನೆ. ಮನೆಗೆ ಬಳಸಿ ಉಳಿದ ಸೋಲಾರ್ ಕರೆಂಟು ಲೈನಿಗೆ ಹೋಗ್ತದೆ. ಅದಕ್ಕೆ ಬೆಲೆ? ಕರೆಂಟ್ ಕಂಪನಿಯವರು ಬರೆದಷ್ಟು.

"ಯೂನಿಟ್ಟಿಗೆ ಎಷ್ಟು ಕೊಡ್ತಾರೆ ಚಿಕ್ಕಪ್ಪ?"

"ಅದೆಲ್ಲ ಯಾರಿಗೆ ಗೊತ್ತು ಮಾರಾಯ, ಬಿಲ್ಲಲ್ಲಿ ಮೈನಸ್ ಬಂದ್ರೆ ಆಯ್ತು."

ಕಾಫಿ ಮೂಟೆಗೆ ನೂರು ರೂಪಾಯಿ ಕಮ್ಮಿ ಅಂದರೆ ಗೋಣಿಕೊಪ್ಪ, ಕುಶಾಲನಗರಕ್ಕೆಲ್ಲ ಫೋನ್ ಹಚ್ಚುವ, ಔಟ್ ಟರ್ನಿಗೆ (ಮೂಟೆಗೆ ಎಷ್ಟು ಬೀಜ ಸಿಗ್ತದೆ ಅನ್ನೋ ಲೆಕ್ಕಕ್ಕೆ) ಜಗಳ ಆಡುವ ಮನುಷ್ಯ ಇವರು!

ಕರೆಂಟಿಗೂ ಮಂಡಿ ಇದೆ ಕಣ್ರೀ, 2008ರಿಂದ, ಪವರ್ ಎಕ್ಸ್‌ಚೇಂಜ್ ಅಂತ. ನಾಳೆಯ ದಿನವನ್ನು 15 ನಿಮಿಷದಂತೆ 96 ತುಂಡು ಮಾಡಿ ಒಂದೊಂದಕ್ಕೂ ಬೆಲೆ ಕಟ್ತಾರೆ. ಮಧ್ಯಾಹ್ನ ದೇಶವಿಡೀ ಸೋಲಾರ್, ರೇಟು ಬೀಳ್ತದೆ. ಬೇಸಿಗೆಯ ರಾತ್ರಿ ಯೂನಿಟ್ಟಿಗೆ 10 ರೂಪಾಯಿಯ ಮಿತಿ ಮುಟ್ಟಿದ್ದೂ ಉಂಟು. ಕನಿಷ್ಠ ಬಿಡ್ 0.1 ಮೆಗಾವ್ಯಾಟ್. ಅಂದರೆ 100 ಕಿಲೋವ್ಯಾಟ್, 5 ಕಿಲೋವ್ಯಾಟಿನ ಸೋಲಾರ್ ಪೂರ್ತಿ ಓಡುವ 20 ಮನೆ. ನಮ್ಮಲ್ಲಿ ಒಂದು ಕೇರಿ! ಇಷ್ಟು ಮನೆಯವರು ಸೇರಿ ಕರೆಂಟನ್ನು ಒಟ್ಟಿಗೆ ಅಲ್ಲಿ ಮಾರಿದರೆ ಹೇಗೆ?

2022ರಲ್ಲಿ ಹಸಿರು (ಸೋಲಾರ್, ಗಾಳಿಯಂಥ) ಕರೆಂಟನ್ನು ತಮಗೆ ಬೇಕಾದವರಿಂದ ನೇರ ಕೊಳ್ಳುವವರಿಗೆ ಇರಬೇಕಾದ ಕನಿಷ್ಠ ಲೋಡಿನ ಮಿತಿಯನ್ನು 1 ಮೆಗಾವ್ಯಾಟಿನಿಂದ 100 ಕಿಲೋವ್ಯಾಟಿಗೆ ಇಳಿಸಿದರು. ಮುಂದೆ ಹಲವು ಸಂಪರ್ಕ ಕೂಡಿಸಿ ಲೆಕ್ಕ ತೋರಿಸಲೂ ಬಿಟ್ಟರು. ಕೊಳ್ಳುವ ಕಂಪನಿಗೆ ಇಷ್ಟು ಅಕ್ಕರೆ. ಮಾರುವ ಇಪ್ಪತ್ತು ಮನೆಯವರಿಗೆ ಅಷ್ಟು ಸಲೀಸಾದ ದಾರಿ ಎಲ್ಲಿ? ಜರ್ಮನಿಯಲ್ಲಿ 2009ರಲ್ಲಿ ಶುರುವಾದ ನೆಕ್ಸ್ಟ್ ಕ್ರಾಫ್ಟ್‌ವೆರ್ಕೆ ಅನ್ನೋ ಕಂಪನಿ ಸಾವಿರಾರು ಬಯೋಗ್ಯಾಸ್, ಸೋಲಾರ್, ಸಣ್ಣ ಜಲವಿದ್ಯುತ್ ಘಟಕಗಳನ್ನು ಒಂದೇ ಕಂಟ್ರೋಲ್ ರೂಮಿಗೆ ಜೋಡಿಸಿ ಸಗಟು ಮಾರುಕಟ್ಟೆಯಲ್ಲಿ ಮಾರ್ತದೆ. ಅಲ್ಲಿನ ರೈತನೇನು ಕೊಂಬು ಇಟ್ಟುಕೊಂಡು ಹುಟ್ಟಿದವನಾ?

"ಪೂಲಿಂಗಾ, ಎಲ್ಲರದ್ದೂ ಕೂಡಿಸಿ ಮಾರೋದಾ? ಕಾಫಿ ಬೋರ್ಡಿನ ಕಾಲ ಮರೆತ್ಯಾ, ದುಡ್ಡಿಗೆ ಕಂತು ಕಂತಾಗಿ ಕಾದದ್ದು?" ಅಂತ ಹಿರಿಯರು ಕೇಳ್ತಾರೆ. ಮರೆತಿಲ್ಲ. ಅಪ್ಪನ ಬೈಗುಳ ಇನ್ನೂ ಕಿವಿಯಲ್ಲಿದೆ. ಆದರೆ ಅದು ಕಾಫಿಯನ್ನು ಬೋರ್ಡಿಗೇ ಕೊಡಬೇಕಿದ್ದ ಕಡ್ಡಾಯದ ಪೂಲ್, 1996ಕ್ಕೆ ಮುಗೀತು. ಇಲ್ಲಿ ಬೇಕಾದವರು ಸೇರ್ತಾರೆ, ಬೇಡದವರು ಮೈನಸ್ ನೋಡ್ಕೊಂಡು ಕೂರ್ತಾರೆ.

ಮೋಡ ಬಂದು ಹೇಳಿದಷ್ಟು ಕರೆಂಟು ಕೊಡದಿದ್ದರೆ ದಂಡ ಬೀಳ್ತದಲ್ಲ? ಬೀಳ್ತದೆ. ಅದಕ್ಕೇ ಒಬ್ಬೊಬ್ಬರೇ ಹೋಗಬಾರದು ಅಂತಿರೋದು! ನಮ್ಮಲ್ಲಿ ಬಿಸಿಲು ಹೋದಾಗಲೇ ತೋಡು ತುಂಬೋದು. ಸೋಲಾರಿನ ಜೊತೆ ನಾಲ್ಕು ಸಣ್ಣ ಟರ್ಬೈನ್ ಸೇರಿಸಿದರೆ ಒಂದರ ಕೊರತೆ ಇನ್ನೊಂದು ತುಂಬ್ತದೆ. ನಮ್ಮ ದಕ್ಷಿಣ ಕೊಡಗಿನಿಂದ ಇಳಿದ ಬಾರಾಪೊಳೆ ಹೊಳೆಯ ನೀರಲ್ಲಿ ಕೇರಳದವರು 15 ಮೆಗಾವ್ಯಾಟಿನ ಘಟಕ ಕಟ್ಟಿದ್ದಾರೆ. ಹೊಟ್ಟೆಕಿಚ್ಚು ಅನ್ನಿ, ಪರವಾಗಿಲ್ಲ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಸೋಲಾರಿನ ಇನ್ವರ್ಟರೂ ತಾನಾಗೇ ಬಂದ್, ಮಾರೋದೇನು ಮಣ್ಣು, ಅದು ನನಗೂ ಗೊತ್ತು. ಲೈನ್ ಸರಿ ಮಾಡಿ ಅಂತ ಇಪ್ಪತ್ತು ಮನೆ ಒಟ್ಟಿಗೆ ಹೋಗಿ ಕೂತರೆ ಆಫೀಸಿನವರು ಎದ್ದಾದರೂ ನಿಲ್ತಾರೆ.

ಸಹಕಾರ ಸಂಘಗಳಲ್ಲಿ ಡೈರೆಕ್ಟರ್ ಆಗಿರೋ ಸ್ನೇಹಿತರೇ, ಈ ಸಲದ ಮಹಾಸಭೆಯಲ್ಲಿ ಗೊಬ್ಬರದ ಗಲಾಟೆ ಮುಗಿದ ಮೇಲಾದರೂ ಇದನ್ನು ಎತ್ತಿ. ಊಟ ಸ್ವಲ್ಪ ತಡ ಆದರೆ ಯಾರೂ ಸಾಯಲ್ಲ.